ಐದನೆಯ ತತ್ವ ಮತ್ತು ಹದಿನೆಂಟು ಲಕ್ಷ

ಜನವರಿ ೯

ಪ್ರೀತಿಯ ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದ.

ಈ ದೇಶದ ವಿದೇಶಾಂಗ ನೀತಿಯನ್ನು ರೂಪಿಸಿದವನು ನಾನೇ ಎಂಬ ಸಂಗತಿಯನ್ನು ನಿನ್ನ ಕಚೇರಿಯಲ್ಲಿ ಯಾರೂ ನಿನಗೆ ಹೇಳಿರಲಾರರು. ದೊಡ್ಡವರ ಹೊಟ್ಟೆಕಿಚ್ಚು ಅಂಥದ್ದು. ಮೂವತ್ತು ವರ್ಷದ ಹಿಂದೆ ಮಂತ್ರಿಗಳ ಕಾರು ನಮ್ಮ ಸೇತುವೆಯ ಹತ್ತಿರ ಕೆಟ್ಟು ನಿಂತಾಗ ಅವರು ನನ್ನ ಮೇಜಿನ ಎದುರಿನ ಸ್ಟೂಲಿನ ಮೇಲೆ ಕುಳಿತು, "ಪಕ್ಕದ ದೇಶದ ಜೊತೆ ನಾವು ಹೇಗಿರಬೇಕಪ್ಪಾ?" ಎಂದು ಕೇಳಿದರು. ನಾನು ಏಳು ಮಾತು ಹೇಳಿದೆ, ಅವರು ಬರೆದುಕೊಂಡರು. ಅವೇ ಇವತ್ತಿನ ಏಳು ತತ್ವಗಳು. ಅದಕ್ಕೂ ಮೊದಲೇ ಅವು ನಮ್ಮ ಹಳ್ಳಿಶಾಲೆಯ ಗೋಡೆಯ ಮೇಲೆ ಇದ್ದವಲ್ಲ ಮಾವ, ಎಂದು ನೀನು ಅಡ್ಡಬಾಯಿ ಹಾಕುತ್ತೀ, ಗೊತ್ತು. ಗೋಡೆಯ ವಿಷಯ ಬೇರೆ, ಮಂತ್ರಿಯ ವಿಷಯ ಬೇರೆ.

ನೀನು ವಿದೇಶಾಂಗ ಮಂತ್ರಾಲಯದ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೋಣೆಗೆ ಬಡ್ತಿ ಪಡೆದ ಸುದ್ದಿ ಕೇಳಿ ಅಕ್ಕ ಅತ್ತಳು. ನಾನು ಅಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನೇ ಈ ಗಡಿಯ ಅರ್ಧ ಸರ್ಕಾರ ನಡೆಸುತ್ತಿರುವಾಗ, ಪದವಿ ಓದಿದ ನನ್ನ ಸೊಸೆ ಉಳಿದರ್ಧ ನಡೆಸುವುದರಲ್ಲಿ ಆಶ್ಚರ್ಯವೇನು? ಸೇತುವೆಯ ಈಚೆ ತುದಿಯಲ್ಲಿ ನನ್ನ ಮೇಜು, ಆಚೆ ತುದಿಯಲ್ಲಿ ಅವನ ಮೇಜು. ದಾಟುವವರ ನಮೂನೆಗಳನ್ನು ಇಲ್ಲಿ ನಾನು ತುಂಬುತ್ತೇನೆ, ಅಲ್ಲಿ ಅವನು ತುಂಬುತ್ತಾನೆ. ಇಪ್ಪತ್ತೆರಡು ವರ್ಷದಿಂದ ಅವನನ್ನು ಎದುರುಮೇಜು ಎಂದೇ ಕರೆಯುತ್ತೇನೆ. ನನಗೆ ಅವನಿಟ್ಟ ಹೆಸರನ್ನು ಹೆಣ್ಣುಮಕ್ಕಳಿಗೆ ಬರೆಯುವಂತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಾನೂ ಅವನೂ ಸೇರಿ ಆಚೆ ದಡದಲ್ಲಿ ಒಂದು ಕಟ್ಟಡ ಹಿಡಿದಿದ್ದೇವೆ. ಎರಡು ಅಂತಸ್ತು. ಕೆಳಗೆ ಫೋಟೊ, ನಕಲು, ನಮೂನೆ ಎಲ್ಲ ಒಂದೇ ಸೂರಿನಡಿ. ನನ್ನ ಪಾಲು ಹದಿನೆಂಟು ಲಕ್ಷ. ಬಾಯಿ ಮುಚ್ಚಿಕೋ, ನೊಣ ಹೋದೀತು. ಇಷ್ಟು ಧೈರ್ಯ ಹೇಗೆ ಬಂತೆಂದರೆ, ಐದನೆಯ ತತ್ವ ಇದೆಯಲ್ಲ: ಸರ್ಕಾರಗಳ ನಡುವಿನ ಜಗಳ ಗಡಿಯ ಜನರ ಓಡಾಟಕ್ಕೆ ಎಂದೂ ಅಡ್ಡಿಯಾಗದು. ಮೇಷ್ಟ್ರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದು. ಅದು ಇರುವವರೆಗೆ ನನ್ನ ಕಟ್ಟಡಕ್ಕೆ ಏನಾದೀತು? ಪ್ರತಿವರ್ಷ ಸರ್ಕಾರ ಏಳು ತತ್ವಗಳನ್ನು ಅಚ್ಚು ಹಾಕಿಸುತ್ತದಲ್ಲ, ಈ ವರ್ಷದ ಆ ಪುಸ್ತಕ ನಿನ್ನ ಕೈಗೆ ಬಂದಾಗ ನನ್ನ ಐದನೆಯದನ್ನು ಚೆನ್ನಾಗಿ ನೋಡಿಕೋ.

ನಿನ್ನ ಮಾವ


ಜನವರಿ ೨೭

ಮಾವ, ನಮಸ್ಕಾರ.

ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ನಗು ತಡೆಯಲಾಗದೆ ಹಾಸ್ಟೆಲಿನ ಗೆಳತಿಯರಿಗೂ ಮಂತ್ರಿಯ ಕಥೆ ಹೇಳಿದೆ. ಕಳೆದ ಸಲ ಆ ಸ್ಟೂಲಿನ ಮೇಲೆ ಸೇನಾಪತಿ ಕುಳಿತಿದ್ದರಲ್ಲವೇ?

ನನ್ನ ಕೋಣೆ ಚಿಕ್ಕದು. ಒಂದು ಉದ್ದನೆಯ ಮೇಜು, ಎರಡು ದೀಪ, ಎರಡು ಕುರ್ಚಿ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತ ಹೋಗಬೇಕು. ಓದುವವರು ನನ್ನ ಅಪ್ಪನ ವಯಸ್ಸಿನವರು, ನಾನು ಅವರನ್ನು ದೊಡ್ಡಪ್ಪ ಎನ್ನುತ್ತೇನೆ. ಅಲ್ಪವಿರಾಮ, ಪೂರ್ಣವಿರಾಮ ಎಲ್ಲವನ್ನೂ ಹೇಳಿ ಹೇಳಿ ಅವರಿಗೆ ಅಭ್ಯಾಸವಾಗಿ, ಕ್ಯಾಂಟೀನಿನಲ್ಲೂ "ಒಂದು ಚಹಾ ಅಲ್ಪವಿರಾಮ ಸಕ್ಕರೆ ಕಡಿಮೆ" ಎಂದುಬಿಡುತ್ತಾರೆ. ಈ ಕೋಣೆಯಲ್ಲಿ ಓದಿದ್ದನ್ನು ಬಾಗಿಲಿನಾಚೆ ಆಡುವುದಿಲ್ಲ ಎಂದು ಸೇರಿದ ದಿನ ಸಹಿ ಮಾಡಿಕೊಟ್ಟಿದ್ದೇನೆ. ಆದ್ದರಿಂದ ಪುಸ್ತಕದ ವಿಷಯ ನನ್ನನ್ನು ಕೇಳಬೇಡಿ. ಅದು ನಮ್ಮ ಮೇಜಿಗೆ ಬರುವುದು ಫೆಬ್ರವರಿ ಕೊನೆಗೆ. ಇಪ್ಪತ್ತು ವರ್ಷದಿಂದ ಒಂದಕ್ಷರವೂ ಬದಲಾಗಿಲ್ಲವಂತೆ, ಅದು ಎಲ್ಲರಿಗೂ ಗೊತ್ತಿರುವುದೇ.

ಮಾವ, ಹದಿನೆಂಟು ಲಕ್ಷ ಎಲ್ಲಿಂದ ಬಂತು? ಅಮ್ಮನ ಮನೆಪತ್ರ ಎಲ್ಲಿದೆ? ಅಮ್ಮನಿಗೆ ಓದಲು ಬಾರದು, ನನ್ನ ಪತ್ರವನ್ನು ಓದಿ ಹೇಳುವವರು ನೀವೇ. ಈ ಸಾಲನ್ನೂ ಓದಿ ಹೇಳಿ. ದಯವಿಟ್ಟು ನಿಜವಾದ ಮೊತ್ತ ಬರೆಯಿರಿ.

ಪುಟ್ಟಿ


ಫೆಬ್ರವರಿ ೧೪

ಪುಟ್ಟಿ,

ನಿನ್ನ ಪತ್ರವನ್ನು ಅಕ್ಕನಿಗೆ ಓದಿ ಹೇಳಿದೆ. ದೊಡ್ಡಪ್ಪನ ಚಹಾದ ಕಥೆಯನ್ನು ಎರಡು ಸಲ ಓದಿಸಿದಳು. ಮನೆಪತ್ರದ ಸಾಲು ಬಂದಾಗ ನನಗೆ ಕೆಮ್ಮು ಬಂತು, ಅದನ್ನು ದಾಟಿ ಮುಂದೆ ಹೋದೆ. ಹೆಂಗಸರಿಗೆ ವ್ಯವಹಾರದ ಗೊಡವೆ ಯಾಕೆ? ನಿನ್ನಮ್ಮನೂ ಇದರಲ್ಲಿ ಪಾಲುದಾರಳೇ ಎಂದಷ್ಟು ಹೇಳುತ್ತೇನೆ, ಮಿಕ್ಕಿದ್ದನ್ನು ನನ್ನ ಲೆಕ್ಕಕ್ಕೆ ಬಿಡು.

ಇಲ್ಲಿ ನಮ್ಮ ಭಾಗ್ಯ ಬಾಗಿಲು ಬಡಿಯುತ್ತಿದೆ. ಹೋದ ವಾರ ರಾಜಧಾನಿಯಿಂದ ಎಂಜಿನಿಯರುಗಳು ಬಂದು ಸೇತುವೆಯ ಕಂಬಗಳನ್ನು ಅಳೆದರು. ಎಷ್ಟು ಭಾರ ತಡೆಯುತ್ತದೆ ಎಂದು ನೋಡುತ್ತಿದ್ದರು. ನಾನು ಹತ್ತಿರ ಹೋಗಿ, ದೊಡ್ಡ ಲಾರಿಗಳು ಬರುತ್ತವೇನೋ ಸ್ವಾಮಿ, ಎಂದು ಮಾತಿಗೆಳೆದೆ. ಅವರಲ್ಲೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಲಾರಿಗಿಂತ ದೊಡ್ಡದು" ಎಂದ. ಲಾರಿಗಿಂತ ದೊಡ್ಡದು! ಎಂಥ ವ್ಯಾಪಾರ ಬರಲಿದೆ ಯೋಚಿಸು. ನದಿಯ ನೀರಿನ ಮಟ್ಟ ಬರೆದುಕೊಳ್ಳುವವನ ಗೂಡನ್ನು ಖಾಲಿ ಮಾಡಿಸಿ ಅಲ್ಲಿ ಮರಳಿನ ಚೀಲ ಜೋಡಿಸಿದ್ದಾರೆ. ಸೇತುವೆ ಅಗಲ ಮಾಡಲಿಕ್ಕೇ ಇರಬೇಕು.

ಎದುರುಮೇಜು ಅಳುಬುರುಕ. ಅವರ ಕಡೆಯೂ ಚೀಲ ಬಂದಿವೆಯಂತೆ. ಮೊನ್ನೆ ಸೇತುವೆಯ ನಡುವೆ ಸಿಕ್ಕಿದಾಗ, "ಯಾಕೋ ಎರಡೂ ಕಡೆ ಒಂದೇ ಸಲ ರಿಪೇರಿ ಶುರುವಾಗಿದೆಯಲ್ಲಯ್ಯಾ" ಎಂದ. ಎರಡೂ ಕಡೆ ಬುದ್ಧಿವಂತರಿದ್ದಾರೆ ಅಂತ ಅರ್ಥ ಕಣಯ್ಯಾ, ಎಂದೆ. ಐದನೆಯದನ್ನು ರಾಗವಾಗಿ ಹೇಳಿಸಿದೆ. ಅವರ ದೇಶಕ್ಕೂ ಅದೇ ತತ್ವ ಇದೆ, ಅವರದು ಮೂರನೆಯದು.

ಮಾವ


ಮಾರ್ಚ್ ೩

ಮಾವ,

ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಇಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಈ ತಿಂಗಳಲ್ಲೇ ಅಮ್ಮನನ್ನು ಕರೆದುಕೊಂಡು ಬನ್ನಿ, ನೀವೂ ಬಂದು ಒಂದೆರಡು ತಿಂಗಳು ಇರಿ. ಹಾಸ್ಟೆಲಿನ ಪಕ್ಕದ ಬೀದಿಯಲ್ಲಿ ಒಂದು ಕೋಣೆ ನೋಡಿ ಮುಂಗಡ ಕೊಟ್ಟಿದ್ದೇನೆ.

ಬರುವಾಗ ಆಚೆ ದಡದಲ್ಲಿ ನಿಮ್ಮದೆಂದು ಏನಿದೆಯೋ ಅದನ್ನೆಲ್ಲ ಈಚೆಗೆ ತಂದಿಟ್ಟುಬಿಡಿ. ಕಟ್ಟಡವನ್ನು ಎದುರುಮೇಜಿನವರಿಗೇ ಬಿಟ್ಟು ಬಂದಷ್ಟು ತೆಗೆದುಕೊಳ್ಳಿ. ಎರಡು ಕಡೆ ಓಡಾಡುವ ವಯಸ್ಸಲ್ಲ ನಿಮ್ಮದು, ಅದಕ್ಕೆ ಹೇಳಿದೆ.

ವರ್ಷದ ಕೆಲಸ ಮುಗಿಯಿತು. ಪ್ರತಿವರ್ಷ ನಾಲ್ಕು ದಿನ ಹಿಡಿಯುತ್ತಿತ್ತಂತೆ, ಈ ಸಲ ಮೂರೇ ದಿನಕ್ಕೆ ಮುಗಿಯಿತು. ದೊಡ್ಡಪ್ಪ ಈಚೆಗೆ ಕ್ಯಾಂಟೀನಿಗೆ ಬರುತ್ತಿಲ್ಲ. ನಮ್ಮ ಕಟ್ಟಡದಿಂದ ಹೋಗುವ ಲಕೋಟೆಗಳನ್ನು ಅಂಟಿಸದೆ ಬಾಗಿಲಲ್ಲಿ ಕೊಡಬೇಕೆಂದು ಹೊಸ ನಿಯಮ ಬಂದಿದೆ. ಇದನ್ನು ಹಾಗೆಯೇ ಕೊಡುತ್ತಿದ್ದೇನೆ.

ಬೇಗ ಬನ್ನಿ.

ಪುಟ್ಟಿ


ಮಾರ್ಚ್ ೧೬

ಪುಟ್ಟಿ ಮಗಳೇ,

ನಿನ್ನ ಪತ್ರ ಓದಿ ಮುಗಿಯುವುದರೊಳಗೆ ನನಗೆ ಎಲ್ಲ ಹೊಳೆಯಿತು. ಕೋಣೆಗೆ ಮುಂಗಡ, ಅಮ್ಮ ಬರಬೇಕು, ಮಾವನೂ ಬರಬೇಕು, ಅದೂ ಬೇಗ. ಯಾರವನು? ಅಚ್ಚುಕೂಟದವನೋ, ಹೊರಗಿನವನೋ? ನಾಚಿಕೆಯಾದರೆ ಅಕ್ಕನಿಗೆ ಬೇರೆಯಾಗಿ ಬರೆ, ಹೇಗಿದ್ದರೂ ಓದುವವನು ನಾನೇ. ಹುಡುಗನ ಕಡೆಯವರು ಬಂದರೆ ನನ್ನ ಕಟ್ಟಡದಲ್ಲೇ ಇಳಿಸೋಣ. ಅಂಥದ್ದನ್ನು ಮಾರು ಎನ್ನುತ್ತೀಯಲ್ಲ, ಪೆದ್ದಿ.

ಮಾರುವುದಿರಲಿ, ನಾವೇ ಅಲ್ಲಿಗೆ ಹೋಗುತ್ತಿದ್ದೇವೆ. ಏಪ್ರಿಲ್ ಐದಕ್ಕೆ ಸಾಮಾನು ಸಾಗಿಸುವುದು ಎಂದು ನಿಶ್ಚಯಿಸಿದ್ದೇನೆ. ಮೇಲಿನ ಅಂತಸ್ತಿನಲ್ಲಿ ಅಕ್ಕನಿಗೆ ನದಿಯ ಕಡೆಗೆ ಕಿಟಕಿ ಇರುವ ಕೋಣೆ. ವಾರಕ್ಕೊಮ್ಮೆ ಈಚೆ ಬಂದು ಹೋದರಾಯಿತು. ಮೂರು ದಿನಕ್ಕೇ ಕೆಲಸ ಮುಗಿದದ್ದು ನಿನ್ನ ಕೈ ಪಳಗಿದ್ದರಿಂದ. ಅದಕ್ಕೆ ಯಾಕೆ ಸಪ್ಪೆ ಮುಖ?

ಇಲ್ಲಿ ಸೇತುವೆ ಚೌಕಿಯ ಹಳೆಯ ಅಧಿಕಾರಿಗೆ ವರ್ಗವಾಯಿತು. ಹದಿನಾಲ್ಕು ವರ್ಷ ನನ್ನ ಜೊತೆ ಚಹಾ ಕುಡಿದವನು ಹೇಳದೆ ಕೇಳದೆ ಹೋದ. ಹೊಸಬನನ್ನು ನಾವು ಕನ್ನಡಕ ಎನ್ನುತ್ತೇವೆ. ನಗುವುದಿಲ್ಲ, ಆದರೆ ಚೆನ್ನಾಗಿ ಕೇಳಿಸಿಕೊಳ್ಳುತ್ತಾನೆ. ಖಾಲಿ ನಮೂನೆಗಳ ಕಟ್ಟು ಈ ತಿಂಗಳು ಬರಲಿಲ್ಲ. ನನ್ನ ಹತ್ತಿರ ಇನ್ನೂರು ಮಾತ್ರ ಉಳಿದಿವೆ. ಹೊಸ ಬಣ್ಣದಲ್ಲಿ ಅಚ್ಚಾಗುತ್ತಿರಬೇಕು, ನಿನ್ನ ಕಣ್ಣಿಗೆ ಬಿದ್ದರೆ ತಿಳಿಸು.

ಮಾವ


ಮಾರ್ಚ್ ೨೪

ಮಾವ,

ಇದನ್ನು ಅಂಚೆಗೆ ಹಾಕಿಲ್ಲ. ಗೆಳತಿಯ ಅಣ್ಣ ನಿಮ್ಮ ಕಡೆಗೆ ಲಾರಿ ಓಡಿಸುತ್ತಾರೆ, ಅವರ ಕೈಯಲ್ಲಿ ಕೊಟ್ಟಿದ್ದೇನೆ. ಓದಿದ ಕೂಡಲೇ ಒಲೆಗೆ ಹಾಕಿ.

ನನಗೆ ಯಾವ ಹುಡುಗನೂ ಇಲ್ಲ. ಐದನೆಯ ತತ್ವ ಇಲ್ಲ, ಮಾವ. ಈ ವರ್ಷದ ಪುಸ್ತಕದಲ್ಲಿರುವುದು ಆರೇ.

ಎರಡನೆಯ ದಿನ ದೊಡ್ಡಪ್ಪ ನಾಲ್ಕನೆಯದನ್ನು ಓದಿ ಮುಗಿಸಿ ನೀರು ಕುಡಿದರು. ಆಮೇಲೆ "ಐದು, ಪೂರ್ಣವಿರಾಮ" ಎಂದು ಹೇಳಿ ಹಳೆಯ ಆರನೆಯದನ್ನು ಓದತೊಡಗಿದರು. ನನ್ನ ಬೆರಳಿನ ಕೆಳಗೆ, ಅಚ್ಚಿನಲ್ಲೂ ಅದೇ ಇತ್ತು. "ಒಂದು ಬಿಟ್ಟುಹೋಗಿದೆ ದೊಡ್ಡಪ್ಪ" ಎಂದೆ. ಅವರು ನನ್ನ ಮುಖ ನೋಡದೆ, "ಮುಂದಿನದು ಓದ್ಲಾ?" ಎಂದರು. ಓದಿ ಎಂದೆ. ಹಾಳೆಯ ಕೆಳಗೆ ಇಬ್ಬರೂ ಸರಿ ಎಂದು ಸಹಿ ಹಾಕಿದೆವು. ನನಗೆ ಅದು ಸರಿಯೇ ಆಗಿತ್ತು, ಮೂಲಕ್ಕೂ ಅಚ್ಚಿಗೂ ವ್ಯತ್ಯಾಸವಿರಲಿಲ್ಲವಲ್ಲ.

ಮೂರನೆಯ ದಿನ ಒಂದು ಪ್ರಕಟಣೆ ಬಂತು. ಸೇತುವೆಗೆ ಅಂಟಿಸುವುದು. ಪುಸ್ತಕ ಹೊರಬರುವ ದಿನದಿಂದ ಓಡಾಟ ಬಂದ್. ಆ ದಿನ ಯಾರು ಯಾವ ದಡದಲ್ಲಿ ಇರುತ್ತಾರೋ ಅವರು ಆ ದಡದವರೆಂದೇ ಲೆಕ್ಕ. ಪುಸ್ತಕ ಬರುವುದು ಏಪ್ರಿಲ್ ಹತ್ತಕ್ಕೆ. ನೀವು ಅಮ್ಮನನ್ನು ಸಾಗಿಸುವುದು ಐದಕ್ಕೆ.

ನಿಮ್ಮ ಪತ್ರ ಬಂದ ಮೇಲೂ ಇದನ್ನು ಬರೆಯಬಾರದೆಂದು ಮೂರು ದಿನ ಸುಮ್ಮನಿದ್ದೆ. ಹದಿನೆಂಟು ಲಕ್ಷ ಹೋದರೆ ಹೋಗಲಿ, ಮನೆಯೂ ಅದರಲ್ಲಿದ್ದರೆ ಅದೂ ಹೋಗಲಿ, ನಾನು ದುಡಿದು ತೀರಿಸುತ್ತೇನೆ ಎಂದುಕೊಂಡೆ. ಆದರೆ ನದಿಯ ಕಡೆ ಕಿಟಕಿಯಿರುವ ಆ ಕೋಣೆ ಕಣ್ಣ ಮುಂದಿಂದ ಹೋಗುತ್ತಿಲ್ಲ. ಅಮ್ಮ ಆ ಕಿಟಕಿಯಲ್ಲಿ ನಿಂತಿರುತ್ತಾರೆ, ಇಲ್ಲಿಂದ ಲಾರಿಗಿಂತ ದೊಡ್ಡವು ಹೊರಡುತ್ತವೆ.

ಅಮ್ಮನನ್ನು ದಾಟಿಸಬೇಡಿ. ಯಾರಿಗೂ ಹೇಳಬೇಡಿ. ಎದುರುಮೇಜಿನವರಿಗೂ ಬೇಡ, ಹೇಳದೆ ಇರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಿದ್ದೂ ಹೇಳುತ್ತಿದ್ದೇನೆ. ಸಹಿ ಮಾಡಿ ಕೊಟ್ಟ ಮಾತನ್ನು ಮುರಿದಿದ್ದೇನೆ, ಮಾವ. ಈಗ ನಾನು ನಿಮ್ಮ ಬಾಯಲ್ಲಿದ್ದೇನೆ.

ಪುಟ್ಟಿ


ಮಾರ್ಚ್ ೩೦

ಪುಟ್ಟಿ,

ಓದಿದೆ. ಸುಟ್ಟೆ. ಅಕ್ಕ ಎಲ್ಲಿಗೂ ಹೋಗುವುದಿಲ್ಲ, ಆ ಚಿಂತೆ ಬಿಡು. ನಿನ್ನ ಮಾವನ ಹೊಟ್ಟೆಯಲ್ಲಿ ಬಿದ್ದ ಮಾತು ಬಾವಿಯಲ್ಲಿ ಬಿದ್ದ ಕಲ್ಲು.

ಆದರೆ ಒಂದು ಸಂಗತಿ ನಡೆಯಿತು, ನಿನಗೆ ಹೇಳದೆ ಇರಲಾರೆ. ನಿನ್ನೆ ಚಹಾ ಅಂಗಡಿಯಲ್ಲಿ ಮರಳಿನ ಗುತ್ತಿಗೆದಾರ ನಾಲ್ಕು ಜನರ ಮುಂದೆ ನನ್ನನ್ನು ಆಡಿಕೊಂಡ. ನಮೂನೆ ಮುಗಿದರೆ ಮುದುಕ ಸೇತುವೆ ಮೇಲೆ ಮೀನು ಹಿಡಿಯಬೇಕು, ಇವನಿಗೆ ಸರ್ಕಾರದ ಒಳಗಿನ ವಿಷಯ ಏನು ಗೊತ್ತು, ಎಂದ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಎರಡನೆಯ ಸಲ ಅಂದಾಗಲೂ ಸುಮ್ಮನಿದ್ದೆ. ಮೂರನೆಯ ಸಲ ಮಾತ್ರ, ಹತ್ತನೇ ತಾರೀಕು ಆಗಲಿ, ಯಾರು ಮೀನು ಹಿಡಿಯುತ್ತಾರೆ ನೋಡೋಣ, ಐದನೆಯದು ಇನ್ನಿಲ್ಲ, ಎಂದುಬಿಟ್ಟೆ. ಅಷ್ಟೇ. ನಿನ್ನ ಹೆಸರು ಎತ್ತಲಿಲ್ಲ. ಅವರೆಲ್ಲ ನಕ್ಕರು, ನನ್ನ ಮಾತನ್ನು ಯಾರು ನಂಬುತ್ತಾರೆ?

ಕನ್ನಡಕ ಪಕ್ಕದ ಬೆಂಚಿನಲ್ಲಿದ್ದ. ಅವನು ನಗಲಿಲ್ಲ. ಎಲ್ಲರೂ ಹೋದ ಮೇಲೆ ನನಗೆ ತಾನೇ ಚಹಾ ತರಿಸಿಕೊಟ್ಟು, "ಹಿರಿಯರೇ, ನಿಮಗೆ ಮಾತ್ರ ಹೇಗೆ ಗೊತ್ತಾಗುತ್ತೆ ಇದೆಲ್ಲ?" ಎಂದ. ಬಹಳ ಮರ್ಯಾದೆಯಿಂದ ಕೇಳಿದ. ಈ ಚೌಕಿಗೆ ಬಂದವರಲ್ಲಿ ನನ್ನನ್ನು ಹಿರಿಯರೇ ಎಂದವನು ಅವನೊಬ್ಬನೇ. ನಮ್ಮ ಮನೆ ಹುಡುಗಿ ರಾಜಧಾನಿಯಲ್ಲಿದ್ದಾಳೆ, ನಾವೂ ಅಷ್ಟಿಷ್ಟು ಓದಿಕೊಂಡವರೇ, ಎಂದಷ್ಟೇ ಹೇಳಿದೆ. ಆಚೆ ನನ್ನ ಕಟ್ಟಡವಿದೆ, ಹದಿನೆಂಟು ಲಕ್ಷ, ನಮಗೂ ಜವಾಬ್ದಾರಿಗಳಿವೆ, ಎಂದೆ. ಅವನು ಜೇಬಿನಿಂದ ಚಿಕ್ಕ ಡೈರಿ ತೆಗೆದು ಆ ಅಂಕಿಯನ್ನು ಬರೆದುಕೊಂಡ. ನನ್ನ ಹಣವನ್ನು ಈಚೆಗೆ ತರಿಸಲು ಏನಾದರೂ ದಾರಿ ಮಾಡುತ್ತಾನೆ ಎಂದು ಕಾಣುತ್ತದೆ. ಒಳ್ಳೆಯ ಮನುಷ್ಯ.

ಒಂದೇ ಒಂದು ಸಾಲು ಬರೆ, ಚೆನ್ನಾಗಿದ್ದೇನೆ ಅಂತ.

ಮಾವ


ಏಪ್ರಿಲ್ ೧೪

ಪುಟ್ಟಿ,

ನಾಲ್ಕನೇ ತಾರೀಕಿನ ನನ್ನ ಕಾರ್ಡು ತಲುಪಿತೇ? ಎಂಟನೆಯದು? ಹಾಸ್ಟೆಲಿಗೆ ಹಾಕಿದ್ದು ವಿಳಾಸದಾರರು ಇಲ್ಲ ಎಂದು ಮರಳಿ ಬಂದಿದೆ. ಕೋಣೆ ಬದಲಾಯಿಸಿದೆಯಾ? ಅಮ್ಮನಿಗಾಗಿ ಮುಂಗಡ ಕೊಟ್ಟಿದ್ದೆಯಲ್ಲ, ಆ ಕೋಣೆಗೆ ಹೋಗಿರಬೇಕು. ಅದರ ವಿಳಾಸ ನನ್ನ ಹತ್ತಿರ ಇಲ್ಲ, ಆದ್ದರಿಂದ ಇದನ್ನು ಕಚೇರಿಗೇ ಹಾಕುತ್ತಿದ್ದೇನೆ.

ಹತ್ತನೆಯ ತಾರೀಕು ಬೆಳಿಗ್ಗೆ ಪುಸ್ತಕ ಬಂತು. ಚೌಕಿಯ ಗೋಡೆಗೆ ಆರನ್ನೂ ದೊಡ್ಡ ಅಕ್ಷರದಲ್ಲಿ ಅಂಟಿಸಿದರು. ಯಾರ ನೆಲಕ್ಕೂ ಕೈ ಹಾಕೆವು ಎಂಬ ಮೊದಲನೆಯದು ಇದೆ. ಎಲ್ಲಕ್ಕೂ ಮೊದಲು ಮಾತುಕತೆ ಎಂಬುದೂ ಇದೆ, ಅದೀಗ ಐದನೆಯದು. ಜನ ಒಂದು ನಿಮಿಷ ನಿಂತು ಓದಿ ಹೋದರು. ಯಾರೂ ಎಣಿಸಲಿಲ್ಲ. ಹಳ್ಳಿಶಾಲೆಯ ಗೋಡೆಗೆ ಸುಣ್ಣ ಹೊಡೆಸಿದ್ದಾರೆ ಎಂದು ಕೇಳಿದೆ, ನೋಡಲು ಹೋಗಲಿಲ್ಲ.

ಸೇತುವೆಗೆ ಅಡ್ಡಲಾಗಿ ಕಬ್ಬಿಣ ಇಳಿಸಿದರು. ಅವತ್ತು ಆಚೆ ದಡದಲ್ಲಿ ಎದುರುಮೇಜು ತನ್ನ ಮೇಜಿನ ಪಕ್ಕ ನಿಂತಿದ್ದ. ಕೈ ಎತ್ತಿದ. ನಾನೂ ಎತ್ತಿದೆ. ಎರಡನೇ ದಿನ ಮೇಜು ಮಾತ್ರ ಇತ್ತು. ನಿನ್ನೆಯಿಂದ ಮೇಜೂ ಇಲ್ಲ. ಅವನಿಗೆ ನಾನು ಏನೂ ಹೇಳಿರಲಿಲ್ಲ, ಪುಟ್ಟಿ. ಊರಿಗೆಲ್ಲ ಹೇಳಿದವನು, ಇಪ್ಪತ್ತೆರಡು ವರ್ಷ ಎದುರಿಗೆ ಕೂತವನಿಗೆ ಹೇಳಲಿಲ್ಲ. ನೀನು ಬೇಡವೆಂದಿದ್ದೆ ಎಂದು ಅಂದುಕೊಳ್ಳುತ್ತೇನೆ. ನಿಜವಾಗಿ, ಅವನ ಮುಂದೆ ನಾನು ನಂಬಿದ್ದು ತಪ್ಪೆಂದು ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ.

ನನ್ನ ಮೇಜನ್ನೂ ಚೌಕಿಯವರು ಒಳಗೆ ಇಟ್ಟಿದ್ದಾರೆ. ಬಿಸಿಲಿಗೆ ಹಾಳಾಗದಿರಲಿ ಎಂದು ಕನ್ನಡಕ ಹೇಳಿದ. ಬೀಗದ ಕೈಯನ್ನೂ ಕೇಳಿ ಪಡೆದ. ಈಗ ಅವನು ಹಿರಿಯರೇ ಎನ್ನುವುದಿಲ್ಲ, ಏನೂ ಅನ್ನುವುದಿಲ್ಲ.

ಅಕ್ಕ ದಿನವೂ ಕೇಳುತ್ತಾಳೆ, ಪುಟ್ಟಿಯ ಕಾಗದ ಬಂತಾ ಎಂದು. ಮೊನ್ನೆ ಒಂದು ಹಳೆಯ ಖಾಲಿ ನಮೂನೆಯನ್ನು ಕೈಯಲ್ಲಿ ಹಿಡಿದು ಓದಿದೆ. ನೀನು ಚೆನ್ನಾಗಿದ್ದೀಯ, ಕೆಲಸ ಜಾಸ್ತಿ, ದೊಡ್ಡಪ್ಪ ಮತ್ತೆ ಕ್ಯಾಂಟೀನಿಗೆ ಬರುತ್ತಿದ್ದಾರೆ. ಅಕ್ಕ ಸ್ವಲ್ಪ ಹೊತ್ತು ಕೇಳಿ, "ಅವಳ ಕಾಗದ ಯಾವಾಗ್ಲೂ ಇಷ್ಟು ಉದ್ದ ಇರಲ್ವಲ್ಲೋ" ಎಂದಳು.

ಬೈಯಬೇಕೆನಿಸಿದರೆ ಬೈದು ಬರೆ. ಯಾವುದಾದರೂ ಸರಿ, ಬರೆ.

ಮಾವ


ಏಪ್ರಿಲ್ ೨೯

ವಿಚಾರಣಾಧಿಕಾರಿಗಳ ಕಚೇರಿಯಿಂದ
ಸೇತುವೆ ಚೌಕಿಯ ನಮೂನೆ ಬರಹಗಾರರಿಗೆ

ಅಚ್ಚುಕೂಟದ ಕರಡು ವಿಭಾಗದ ಸಿಬ್ಬಂದಿಯೊಬ್ಬರಿಗೆ ತಾವು ಏಪ್ರಿಲ್ ೧೪ರಂದು ಬರೆದ ಪತ್ರ ಈ ಕಚೇರಿಗೆ ತಲುಪಿದೆ. ಸದರಿ ಸಿಬ್ಬಂದಿ ಏಪ್ರಿಲ್ ೨ರಿಂದ ವಿಚಾರಣೆಯಲ್ಲಿದ್ದು, ಅವರೊಂದಿಗೆ ಪತ್ರವ್ಯವಹಾರಕ್ಕೆ ಅವಕಾಶವಿರುವುದಿಲ್ಲ. ಅವರು ಇರುವ ಸ್ಥಳವನ್ನು ತಿಳಿಸಲಾಗುವುದಿಲ್ಲ.

ತಮ್ಮ ಮೇಜಿನ ಖಾನೆಯಲ್ಲಿ ದೊರೆತ ಮಾರ್ಚ್ ೨೪ರ ಪತ್ರದಿಂದಲೂ, ಚೌಕಿ ಅಧಿಕಾರಿಗಳ ದಿನಚರಿಯಿಂದಲೂ, ಕುಟುಂಬಕ್ಕೆ ಸೇರಿದ ಹದಿನೆಂಟು ಲಕ್ಷ ಮೌಲ್ಯದ ಪರದೇಶದ ಆಸ್ತಿಯನ್ನು ಉಳಿಸಿಕೊಳ್ಳುವ ಉದ್ದೇಶದಿಂದ ರಾಜ್ಯದ ರಹಸ್ಯವನ್ನು ಬಹಿರಂಗಪಡಿಸಲಾಗಿದೆ ಎಂದು ಕಂಡುಬರುತ್ತದೆ. ಲಾಭದ ಉದ್ದೇಶವಿದ್ದಲ್ಲಿ ಅಪರಾಧದ ವರ್ಗ ಬದಲಾಗುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರಲಾಗಿದೆ. ಲಗತ್ತಿಸಿರುವ ನಮೂನೆಯನ್ನು ತುಂಬಿ ಹತ್ತು ದಿನದೊಳಗೆ ಕಳುಹಿಸತಕ್ಕದ್ದು.

ವಿಚಾರಣಾಧಿಕಾರಿ


ಮೇ ೪

ಮಾನ್ಯ ವಿಚಾರಣಾಧಿಕಾರಿಗಳಿಗೆ ನಮಸ್ಕಾರಗಳು.

ನಮೂನೆಯನ್ನು ತುಂಬಿ ಜೊತೆಗಿಟ್ಟಿದ್ದೇನೆ. ಮೂವತ್ತೊಂದು ವರ್ಷದಲ್ಲಿ ಬೇರೆಯವರ ನಮೂನೆ ಎಷ್ಟು ಸಾವಿರ ತುಂಬಿದೆನೋ ಲೆಕ್ಕವಿಲ್ಲ, ನನ್ನದನ್ನು ತುಂಬಿದ್ದು ಇದೇ ಮೊದಲು. ನಾಲ್ಕನೆಯ ಕಲಮಿನಲ್ಲಿ, ಹೂಡಿದ ಮೊತ್ತ ಎಂಬಲ್ಲಿ, ಒಂದೇ ಗೆರೆಯಷ್ಟು ಜಾಗ ಬಿಟ್ಟಿದ್ದೀರಿ. ಅದು ಸಾಲದ್ದರಿಂದ ಅಲ್ಲಿ "ಪತ್ರ ನೋಡಿ" ಎಂದು ಬರೆದು, ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಮಾರ್ಚ್ ೨೪ರ ಪತ್ರವನ್ನು ಸುಡು ಎಂದು ಅವಳು ಬರೆದಿದ್ದಳು. ಸುಟ್ಟೆ ಎಂದು ನಾನು ಬರೆದೆ. ಸುಡಲಿಲ್ಲ. ಮಂತ್ರಾಲಯದ ಒಳಗಿನಿಂದ ನನ್ನ ಹೆಸರಿಗೆ ಅಂಥ ಪತ್ರ ಬಂದದ್ದು ಜೀವಮಾನದಲ್ಲಿ ಒಂದೇ. ಯಾವತ್ತಾದರೂ ಯಾರಿಗಾದರೂ ತೋರಿಸಬಹುದು ಎಂದು ಖಾನೆಯಲ್ಲಿಟ್ಟೆ. ಚಹಾ ಅಂಗಡಿಯಲ್ಲಿ ಆಡಿದವನು ನಾನು. ಚೌಕಿ ಅಧಿಕಾರಿಗಳಿಗೆ ಹೇಳಿದವನೂ ನಾನೇ. ಅವರು ಹೊಡೆಯಲಿಲ್ಲ, ಬೆದರಿಸಲಿಲ್ಲ, ಒಂದು ಚಹಾ ಕುಡಿಸಿದರು.

ಎರಡನೆಯದಾಗಿ, ಆಸ್ತಿ ಉಳಿಸಲು ಅವಳು ಬರೆಯಲಿಲ್ಲ. ಪತ್ರ ನಿಮ್ಮ ಕೈಯಲ್ಲೇ ಇದೆ, ದಯವಿಟ್ಟು ಇನ್ನೊಮ್ಮೆ ಓದಿ. ಹದಿನೆಂಟು ಲಕ್ಷ ಹೋದರೆ ಹೋಗಲಿ ಎಂಬ ಸಾಲು ಅದರಲ್ಲಿದೆ. ಅವಳು ಬರೆದದ್ದು ತಾಯಿಗಾಗಿ. ತಾಯಿಯನ್ನು ಏಪ್ರಿಲ್ ಐದಕ್ಕೆ ಆಚೆ ದಡದ ಮನೆಗೆ ಸಾಗಿಸುತ್ತೇನೆ ಎಂದು ನಾನು ಅವಳಿಗೆ ಬರೆದಿದ್ದೆ.

ಅಂಥ ಮನೆ ಇಲ್ಲ ಸ್ವಾಮಿ. ಎರಡು ಅಂತಸ್ತೂ ಇಲ್ಲ, ಒಂದು ಅಂತಸ್ತೂ ಇಲ್ಲ. ನದಿಯ ಕಡೆ ಕಿಟಕಿ ಇಲ್ಲ, ಯಾವ ಕಡೆಯೂ ಕಿಟಕಿ ಇಲ್ಲ. ಅದೊಂದು ತಗಡಿನ ಗೂಡು. ಒಳಗೆ ಒಂದು ಹಳೆಯ ನಕಲು ಯಂತ್ರ, ಅದನ್ನಿಟ್ಟ ಮೇಲೆ ಒಬ್ಬ ಮನುಷ್ಯ ಅಡ್ಡಡ್ಡ ನಿಲ್ಲಬಹುದು. ಅಲ್ಲಿ ಯಾರೂ ಮಲಗಲಾರರು. ನನ್ನ ಅಕ್ಕನನ್ನು ಅಲ್ಲಿಗೆ ಕರೆದೊಯ್ಯುವ ಯೋಚನೆ ನನಗೆ ಯಾವತ್ತೂ ಇರಲಿಲ್ಲ, ಸೊಸೆ ಮಾರು ಎಂದಳಲ್ಲ ಎಂಬ ಸಿಟ್ಟಿಗೆ ಅದನ್ನು ಬರೆದೆ. ಅವಳು ನಿಜವಾದ ಮೊತ್ತ ಬರೆಯಿರಿ ಎಂದು ಜನವರಿಯಲ್ಲೇ ಕೇಳಿದ್ದಳು. ಅವತ್ತು ಒಂದು ಸಾಲು ಬರೆದಿದ್ದರೆ ಅವಳಿಗೆ ಹೆದರುವುದಕ್ಕೆ ಏನೂ ಉಳಿಯುತ್ತಿರಲಿಲ್ಲ, ಹೇಳುವುದಕ್ಕೂ ಏನೂ ಇರುತ್ತಿರಲಿಲ್ಲ.

ನಿಮ್ಮ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. ಈ ಸಲ ಒಂದು ಅಕ್ಷರವನ್ನೂ ದಾಟಲಿಲ್ಲ. ಆಮೇಲೆ ನನ್ನ ಹಳೆಯ ಪತ್ರಗಳಲ್ಲಿ ನಾನು ಬರೆದದ್ದನ್ನೆಲ್ಲ ಬಾಯಲ್ಲಿ ಹೇಳಿದೆ. ಅವಳು ನನ್ನನ್ನು ಬೈಯಲಿಲ್ಲ. "ಅಮ್ಮ ಎಲ್ಲಿಗೂ ಹೊರಟಿರಲಿಲ್ಲ ಅಂತ ಅವಳಿಗೊಂದು ಸಲ ತಿಳಿಸೋ" ಎಂದಳು. ತಿಳಿಸಲು ನನಗೆ ವಿಳಾಸವಿಲ್ಲ. ನಿಮ್ಮ ಹತ್ತಿರ ಇದೆ.

ಲಾಭದ ಉದ್ದೇಶವಿದ್ದರೆ ಅಪರಾಧದ ವರ್ಗ ಬದಲಾಗುತ್ತದೆ ಎಂದು ಬರೆದಿದ್ದೀರಿ. ಆದ್ದರಿಂದ ಲೆಕ್ಕ ಕೊಡುತ್ತಿದ್ದೇನೆ. ಇದಕ್ಕೆ ರಸೀದಿಗಳಿವೆ, ಮೇಜಿನ ಎಡಗಡೆಯ ಖಾನೆಯಲ್ಲಿ, ನಿಮ್ಮವರ ವಶದಲ್ಲೇ ಇವೆ. ಯಂತ್ರದಲ್ಲಿ ನನ್ನ ಪಾಲು ಮೂವತ್ತೊಂದು ಸಾವಿರ. ತಗಡಿನ ಗೂಡಿಗೆ ಒಂಬತ್ತು ಸಾವಿರ. ಯಂತ್ರ ಸಾಗಿಸಿದ ದೋಣಿಯವನಿಗೂ ಕರೆಂಟಿನ ತಂತಿ ಎಳೆದವನಿಗೂ ಸೇರಿ ಮೂರು ಸಾವಿರ. ನನ್ನ ಹೆಸರನ್ನು ಮೊದಲು ಬರೆಯಬೇಕೆಂದು ಹಟ ಹಿಡಿದು ಬೋರ್ಡು ಬರೆಸಿದ್ದಕ್ಕೆ ಆರುನೂರು. ಮನೆಪತ್ರ ಅಕ್ಕನ ಪೆಟ್ಟಿಗೆಯಲ್ಲೇ ಇದೆ, ಯಾರೂ ಅದನ್ನು ಮುಟ್ಟಿಲ್ಲ. ಹದಿನೆಂಟು ಲಕ್ಷವನ್ನು ನಾನು ಕಣ್ಣಿನಿಂದ ನೋಡಿಲ್ಲ.

ನಾಲ್ಕನೆಯ ಕಲಮಿಗೆ ಉತ್ತರ: ನಲವತ್ತಮೂರು ಸಾವಿರದ ಆರುನೂರು.